ಕಳ್ಳ ಕುಬಸದ ಹಸಿರು ಸೀರೆ

ಲಿಂಗರಾಜಪುರ, ಬೆಂಗಳೂರು
ಭಾನುವಾರ, ೨೨ ಜೂನ್ ೨೦೦೩

ಪ್ರೀತಿಯ ಅವ್ವಾ,

ನಾನು ತಾಯಿಯಾಗುತ್ತಿದ್ದೇನೆ! ನಿಜ, ನಿಜ, ನಿಜ! ಮೂರನೆಯ ತಿಂಗಳು ನಡೆಯುತ್ತಿದೆ, ಎಲ್ಲ ಸರಿಯಾಗಿದೆ ಎಂದು ಡಾಕ್ಟರಮ್ಮ ಹೇಳಿದರು. ನಿನಗೆ ಇದು ಹಳೆಯ ಸುದ್ದಿ ಎಂದು ಗೊತ್ತು. ನಾನು ಬಾಯಿ ಬಿಡುವ ಮೊದಲೇ ನಮ್ಮತ್ತೆ ಜಟ್ಟೆಮ್ಮ ಎಸ್‌ಟಿಡಿ ಬೂತಿಗೆ ಓಡಿ, ಯಾದಗಿರಿಯ ನಮ್ಮ ಓಣಿಗೆಲ್ಲ ಕೇಳುವಂತೆ ಕೂಗಿ ಹೇಳಿಬಿಟ್ಟರು. ಆದರೂ ಮಗಳ ಬಾಯಿಂದ ಈಗಲೇ ಮೊದಲು ಕೇಳಿದವಳಂತೆ ಒಂದು ಸಲ ನಕ್ಕುಬಿಡು, ಅವ್ವಾ. ಇದರ ಕೆಳಗೆ ಬರುವುದೆಲ್ಲ ನಾನು ಸಿಟ್ಟಿನಲ್ಲಿ ಬರೆಯುತ್ತಿರುವುದು.

ನಿನ್ನ ಮೊಣಕಾಲು ನೋವು ಹೇಗಿದೆ? ಕಾನ್ವೆಂಟ್ ಸ್ಕೂಲಿನ ಮೆಟ್ಟಿಲು ಗುಡಿಸುವಾಗ ಮಧ್ಯೆ ಮಧ್ಯೆ ಕುಳಿತುಕೋ, ಯಾವ ಸಿಸ್ಟರೂ ಬೈಯುವುದಿಲ್ಲ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಬಸು ಈಗ ಕಾಕ್ಸ್ ಟೌನಿನಲ್ಲಿ ಒಂದು ಹಳೆಯ ಬಂಗಲೆ ಕೆಡವಿ ಕಟ್ಟಿದ ಫ್ಲಾಟುಗಳಿಗೆ ಟೈಲ್ಸ್ ಹಾಕುತ್ತಿದ್ದಾನೆ. (ಗಂಡನ ಹೆಸರು ಬರೆದೆ ಎಂದು ಹುಬ್ಬು ಗಂಟಿಕ್ಕಬೇಡ. ಅವನಿಗೆ ಹೆಸರು ಹಿಡಿದು ಕರೆದರೇ ಇಷ್ಟ!) ಸುದ್ದಿ ಕೇಳಿದ ದಿನ ಸಿಮೆಂಟಿನ ಕೈಯಲ್ಲೇ ನನ್ನ ಕೆನ್ನೆ ಹಿಡಿದು, ಮಗುವನ್ನು ಡಾಕ್ಟರ್ ಮಾಡೋಣ, ಬೇಡ, ಪೈಲಟ್ ಮಾಡೋಣ ಎಂದು ಕುಣಿದ. ಪೈಲಟ್ ಮಲಗುವುದಕ್ಕೆ ಜಾಗ ಎಲ್ಲಿದೆ ಎಂದು ಕೇಳಿದೆ. ಒಂದೇ ಕೋಣೆಯಲ್ಲಿ ನಾವಿಬ್ಬರು, ಅತ್ತೆ, ಗ್ಯಾಸ್ ಒಲೆ ಮತ್ತು ಅವನ ಟೈಲ್ಸ್ ಕತ್ತರಿಸುವ ಮಷೀನು. ತೊಲೆಗೆ ತೊಟ್ಟಿಲು ಕಟ್ಟಿದರೆ ಪೈಲಟ್ ಮೇಲೆಯೇ ಇರುತ್ತಾನೆ ಎಂದ. ನಾನು ಎಷ್ಟು ನಕ್ಕೆನೆಂದರೆ ಪಕ್ಕದ ಮನೆಯವರು ಗೋಡೆ ತಟ್ಟಿದರು. ತೊಟ್ಟಿಲು ನಮ್ಮ ಮನೆ ಓನರ್ ಗೋವಿಂದಮ್ಮನವರೇ ಕೊಡುತ್ತಾರೆ, ಅವರ ಮೊಮ್ಮಕ್ಕಳು ಆಡಿ ಬಿಟ್ಟದ್ದು. ಹೀಗೆ ಬೇಡಿ, ಬಳಸಿ, ಹಂಚಿಕೊಂಡು ನಾವು ಮಗು ಬೆಳೆಸುತ್ತೇವೆ. ನೀನು ನಮ್ಮಿಬ್ಬರನ್ನು ಬೆಳೆಸಿದ್ದೂ ಹಾಗೆಯೇ ತಾನೇ?

ಅದಕ್ಕೇ ನನಗೆ ಈ ಸಿಟ್ಟು.

ಶುಕ್ರವಾರ ನೀನು ಕಳಿಸಿದ ಬುಟ್ಟಿ ಬಂತು. ನಮ್ಮ ಓಣಿಯ ಪೀರಪ್ಪ ಬಸು ಹತ್ತಿರ ಕೆಲಸಕ್ಕೆಂದು ಬಂದವನು ಅದನ್ನು ತಲೆಯ ಮೇಲೆ ಹೊತ್ತುಕೊಂಡೇ ತಂದ. ಮೂರನೆಯ ತಿಂಗಳಿಗೆ ತವರಿನವರು ಗುಟ್ಟಾಗಿ ಒಂದು ಕುಬಸದ ಬಟ್ಟೆ, ಒಂದಿಷ್ಟು ಬುತ್ತಿ ತಂದು ಬಸುರಿಯ ಉಡಿ ತುಂಬುವುದಕ್ಕೇ ಅಲ್ಲವೇ ಕಳ್ಳ ಕುಬಸ ಎನ್ನುವುದು? ನೀನು ಕಳಿಸಿದ್ದರಲ್ಲಿ ಗುಟ್ಟು ಏನಿತ್ತು? ಅಂಚಿನ ತುಂಬ ರೇಷ್ಮೆಯಿರುವ ಹಸಿರು ಇಳಕಲ್ ಸೀರೆ, ಅತ್ತೆಗೊಂದು ಸೀರೆ, ಬಸುವಿಗೆ ಪ್ಯಾಂಟು ಶರ್ಟು, ಹುಟ್ಟದ ಕೂಸಿಗೆ ಬೆಳ್ಳಿಯ ಕಾಲ್ಗಡಗ, ಶೇಂಗಾ ಹೋಳಿಗೆ, ಕರಿಗಡುಬು, ಮಾದಲಿ. ಅತ್ತೆ ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದರು. "ನೋಡ್ರೀ ಗೋವಿಂದಮ್ಮ, ನಮ್ಮ ಬೀಗ್ತಿ ಗಂಡಿಲ್ಲದಾಕಿ, ಆದ್ರ ಕೈ ಎಷ್ಟು ದೊಡ್ಡದದ!" ಎಂದರು. "ಅಯ್ಯೋ, ಮೂರನೇ ತಿಂಗ್ಳಿಗೇ ಇಷ್ಟಾನಾ? ಏಳನೇ ತಿಂಗ್ಳಿಗೆ ಲಾರಿ ತರ್ಸ್ತಾರಾ ಏನ್ರೀ?" ಎಂದು ಗೋವಿಂದಮ್ಮ ನಕ್ಕರು. ನಾನೂ ನಕ್ಕೆ, ಅವ್ವಾ. ನನ್ನ ತವರಿನ ಬಗ್ಗೆ ಹೆಮ್ಮೆಪಟ್ಟು, ಸೀರೆಯನ್ನು ಮಡಿಕೆ ಸಮೇತ ಹೆಗಲ ಮೇಲೆ ಇಟ್ಟುಕೊಂಡು ಕನ್ನಡಿ ನೋಡಿದೆ. ಹೋಳಿಗೆ ತಿನ್ನುತ್ತಿದ್ದ ಪೀರಪ್ಪ ಆಗಲೇ ಹೇಳಿದ, "ನಿಮ್ಮ ತಂಗಿ ಯಮುನಾ ಈಗ ದಾಲ್ ಮಿಲ್ಲಿಗೆ ಹೊಂಟಾಳ್ರೀ ಅಕ್ಕಾ. ನಿಮ್ಮವ್ವ ಹೇಳಿಲ್ಲೇನು? ಕುಬಸ, ಬಾಣಂತನದ ಖರ್ಚು ಎಲ್ಲಾ ಮುಗೀಲಿ ಅಂತ ಸಾಲಿ ಬಿಡಿಸ್ಯಾರ."

ಸೀರೆಯನ್ನು ಹೆಗಲಿನಿಂದ ತೆಗೆದು ಬುಟ್ಟಿಗೆ ಹಾಕಿದೆ.

ಯಮ್ಮೂ, ಈ ಪತ್ರ ಅವ್ವನಿಗೆ ಓದಿ ಹೇಳುವವಳು ನೀನೇ ಎಂದು ಗೊತ್ತು. ಇಲ್ಲಿಂದ ಮುಂದೆ ಒಂದು ಸಾಲನ್ನೂ ನುಂಗಬೇಡ. ಮೆತ್ತಗೆ ಮಾಡಿ ಓದಬೇಡ. ನಾನು ಹೇಗೆ ಬರೆದಿದ್ದೇನೋ ಹಾಗೆಯೇ, ಜೋರಾಗಿ ಓದು.

ಅವ್ವಾ, ನಿನಗೆ ಬುದ್ಧಿ ಇದೆಯೇ? ಯಾರು ಕೇಳಿದರು ನಿನ್ನನ್ನು ಇಳಕಲ್ ಸೀರೆ? ನಾನು ಕೇಳಿದೆನೇ? ಬಸು ಕೇಳಿದನೇ? ಹತ್ತನೆಯ ತರಗತಿಗೆ ಬಂದಿರುವ ಹುಡುಗಿಯನ್ನು ಬೇಳೆ ಆರಿಸಲು ಕೂರಿಸಿ, ಅದೇ ಹತ್ತನೆಯ ತರಗತಿಯನ್ನು ನೀನು ದಿನಾ ಬೆಳಿಗ್ಗೆ ಗುಡಿಸುತ್ತೀಯಲ್ಲ, ಅವಳು ಕೂರುವ ಬೆಂಚಿನ ಕೆಳಗೆ ಪೊರಕೆ ಆಡಿಸುವಾಗ ನಿನ್ನ ಕೈ ಹೇಗೆ ಮುಂದೆ ಹೋಗುತ್ತದೆ? ನಾನು ಆರನೆಯ ತರಗತಿಯಲ್ಲಿದ್ದಾಗ ಅಪ್ಪ ತೀರಿಕೊಂಡರು. ಸೋದರಮಾವ ಬಂದು, ಹುಡುಗಿಯರಿಗೆ ಇಂಗ್ಲಿಷ್ ಮೀಡಿಯಂ ಯಾಕೆ, ಬಿಡಿಸು ಎಂದಾಗ ನೀನು ಏನು ಹೇಳಿದೆ? "ಹೊಟ್ಟಿಗಿ ಕಮ್ಮಿ ಆದ್ರ ಆಗ್ಲಿ, ನನ್ನ ಮಕ್ಕಳ ಸಾಲಿ ಬಿಡ್ಸಂಗಿಲ್ಲ." ಬಾಗಿಲ ಹಿಂದೆ ನಿಂತು ಕೇಳಿದ್ದೇನೆ ನಾನು. ಮಾರನೆಯ ದಿನವೇ ನೀನು ನಮ್ಮ ಸ್ಕೂಲಿನಲ್ಲಿ ಆಯಾ ಆದೆ, ಅರ್ಧ ಫೀಸಿಗೆ ನಾವಿಬ್ಬರೂ ಓದಲಿ ಎಂದು. ಹುಡುಗಿಯರು ನನ್ನನ್ನು ಆಯಾ ಮಗಳು ಎಂದು ಕರೆದಾಗ ನಾನು ತಲೆ ಎತ್ತಿಯೇ ನಡೆದೆ. ಹಾಗೆ ಹೇಳಿದ ನನ್ನ ಅವ್ವ ಎಲ್ಲಿಗೆ ಹೋದಳು? ಹಿರಿಯ ಮಗಳ ಕುಬಸಕ್ಕೆ ಓಣಿಯವರು ಮೂಗು ಮುರಿಯಬಾರದು ಎಂದು ಕಿರಿಯ ಮಗಳನ್ನು ಮಾರಿಬಿಟ್ಟೆಯಾ? ಹೌದು, ಮಾರಿಬಿಟ್ಟೆ ಎಂದೇ ಬರೆದೆ. ಹೊಡೆದು ಹಾಕಿ ಬೇರೆ ಪದ ಬರೆಯೋಣ ಎಂದುಕೊಂಡೆ, ಆಗಲಿಲ್ಲ.

ನಿನ್ನೆ ಬೆಳಿಗ್ಗೆ ನಿಮ್ಮ ಪಕ್ಕದ ಮನೆಗೆ ಫೋನ್ ಮಾಡಿ ಯಮುನಾಳನ್ನು ಕರೆಸಿದೆ. ನೀನು ಡ್ಯೂಟಿಯಲ್ಲಿದ್ದೆ. ಅವಳು ನಗುತ್ತಾಳೆ, ಅವ್ವಾ! "ಅಕ್ಕಾ, ನೀ ಸುಮ್ನ ಅಳಬ್ಯಾಡ. ಬೀಜಗಣಿತ ತಪ್ತು, ಭಾಳ ಚಲೋ ಆತು. ಮಿಲ್ಲಿನಾಗ ನನ್ನಷ್ಟು ಜಲ್ದಿ ಬ್ಯಾಳಿ ಆರ್ಸಾಕಿ ಯಾರೂ ಇಲ್ಲ, ಗೊತ್ತೇನು?" ಎಂದಳು. ಆಮೇಲೆ ಕೆಮ್ಮಿದಳು. ಕೂಸಿಗೆ ಯಾವ ಹೆಸರು ಇಡುತ್ತೀ ಎಂದು ಕೇಳಿದಳು. ನಾನು ಬೈದು ಬೈದು ಕೇಳಿದ ಮೇಲೆ ಒಂದು ಮಾತು ಹೊರಗೆ ಬಂತು. ಹೆಡ್ ಸಿಸ್ಟರ್ ಇನ್ನೂ ಅವಳ ಹೆಸರು ಹಾಜರಿಯಿಂದ ತೆಗೆದಿಲ್ಲವಂತೆ, ಈ ತಿಂಗಳ ಕೊನೆಯವರೆಗೆ ಕಾಯುತ್ತೇನೆ ಎಂದಿದ್ದಾರಂತೆ. ಅದನ್ನು ಹೇಳುವಾಗ ಅವಳು ನಗಲಿಲ್ಲ.

ಇಲ್ಲಿಯೂ ಜಗಳವಾಯಿತು, ಮುಚ್ಚಿಡುವುದಿಲ್ಲ. ನಾನು ಬುಟ್ಟಿಯನ್ನು ಅತ್ತೆಯ ಮುಂದೆ ದೊಪ್ಪೆಂದು ಇಟ್ಟೆ. "ನಾ ಏನಾರ ಕೇಳೀನೇನ? ನಾ ಬಾಯೇ ತೆಗದಿಲ್ಲ" ಎಂದರು. ತೆಗೆಯಬೇಕಿತ್ತು ಅತ್ತೆ, ಬೇಡ ಅನ್ನುವುದಕ್ಕಾದರೂ ತೆಗೆಯಬೇಕಿತ್ತು ಎಂದೆ. "ಇಂಗ್ಲಿಷ್ ಕಲ್ತ ಸೊಸಿ ತಂದ್ರ ಹಿಂಗ ನೋಡು" ಎಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಬಸು ನಮ್ಮಿಬ್ಬರ ನಡುವೆ ಕುಳಿತು ಸಪ್ಪಗೆ ಅನ್ನ ತಿಂದ. ಅವನಿಗೂ ನನ್ನಿಂದ ಬೈಗುಳ ಸಿಕ್ಕಿತು, ಹೊಸ ಪ್ಯಾಂಟು ಆಗಲೇ ಹಾಕಿಕೊಂಡಿದ್ದಕ್ಕೆ. ಇಂದು ಬೆಳಿಗ್ಗೆ ಅತ್ತೆ ತಾವಾಗಿಯೇ ಚಹಾ ತಂದುಕೊಟ್ಟು, "ಗಂಡಿಲ್ಲದ ಹೆಂಗಸಿಗಿ ಏನೂ ತರಬ್ಯಾಡ ಅಂದ್ರ, ನಿನ್ನ ಕೈಲೆ ಆಗಂಗಿಲ್ಲ ಅಂದಂಗ ಆಗ್ತದವ್ವ. ಬೀಗ್ತಿನ ಸಣ್ಣಾಕಿ ಮಾಡಬಾರ್ದಂತ ಸುಮ್ನಿದ್ದೆ" ಎಂದರು. ಕೇಳಿದೆಯಾ ಅವ್ವಾ? ಅವರು ನಿನ್ನ ಮಾನ ಉಳಿಸಲು ಸುಮ್ಮನಿದ್ದರಂತೆ, ನೀನು ನನ್ನ ಮಾನ ಉಳಿಸಲು ಬುಟ್ಟಿ ತುಂಬಿದೆ. ನೀವಿಬ್ಬರು ಇಷ್ಟು ಮರ್ಯಾದೆಯಿಂದ ನಡೆದುಕೊಂಡದ್ದಕ್ಕೆ ಯಮುನಾ ಬೇಳೆ ಆರಿಸುತ್ತಾಳೆ. ಒಂದು ಹುಡುಗಿಯ ಓದಿಗಿಂತ ದೊಡ್ಡದಾದ ಮರ್ಯಾದೆ ನನಗೆ ಬೇಡ. ನನ್ನ ಹೊಟ್ಟೆಯಲ್ಲಿರುವುದು ಹೆಣ್ಣಾದರೆ ಅದಕ್ಕೆ ನಾನು ಏನೆಂದು ಹೇಳಲಿ? ನಿನ್ನನ್ನು ಬರಮಾಡಿಕೊಳ್ಳಲು ನಿನ್ನ ಚಿಕ್ಕಮ್ಮನ ಸ್ಕೂಲು ಬಿಡಿಸಿದೆವು ಎಂದೇ?

ಈಗ ನಾನು ಹೇಳುವುದನ್ನು ಕೇಳು. ಏಳನೆಯ ತಿಂಗಳಿಗೆ ನೀನು ಹೇಳಿಟ್ಟಿರುವ ಶಾಮಿಯಾನ ಬೇಡ. ಕುಬಸ ಇಲ್ಲಿ, ಈ ಒಂದೇ ಕೋಣೆಯಲ್ಲಿ ಆಗುತ್ತದೆ. ಗೋವಿಂದಮ್ಮ ಬಳೆ ತೊಡಿಸುತ್ತಾರೆ, ಅತ್ತೆ ಉಡಿ ತುಂಬುತ್ತಾರೆ, ನೀನು ಬಂದು ಕುಳಿತು ಉಂಡರೆ ಸಾಕು. ಹೆರಿಗೆಗೂ ತವರಿಗೆ ಬರುವುದಿಲ್ಲ, ಶಿವಾಜಿನಗರದ ಸರ್ಕಾರಿ ಆಸ್ಪತ್ರೆಯಲ್ಲಿ ಹೆಸರು ಬರೆಸಿದ್ದೇನೆ. ಯಮುನಾಳ ಫೀಸಿಗೆ ನೀನು ಚಿಂತೆ ಮಾಡಬೇಡ. ಫ್ರೇಜರ್ ಟೌನಿನ ಅಹ್ಮದ್ ಪಾಷಾ ಅವರ ಮನೆ ಮಕ್ಕಳಿಗೆ ಸಂಜೆ ಇಂಗ್ಲಿಷ್ ಹೇಳಿಕೊಡಲು ಒಪ್ಪಿಕೊಂಡೆ. ನೀನು ಹೊಟ್ಟೆ ಕಟ್ಟಿ ಕಲಿಸಿದ ಇಂಗ್ಲಿಷ್ ಈಗ ಅವಳಿಗೆ ಆಗಲಿ. ಆ ಹಸಿರು ಸೀರೆಯ ಮಡಿಕೆ ಬಿಚ್ಚಿಲ್ಲ, ಅಂಗಡಿಗೆ ವಾಪಸ್ ಹೋಗುತ್ತದೆ. ಬಸುರಿಗೆ ಕೊಟ್ಟದ್ದನ್ನು ತಿರುಗಿಸಬಾರದು ಎಂದು ನೀನು ಬಾಯಿ ಬಡಿದುಕೊಂಡರೂ ಸರಿ. ನನಗೆ ನಿನ್ನ ಹಳೆಯ ನೂಲಿನ ಸೀರೆಗಳು ಬೇಕು, ಒಗೆದು ಒಗೆದು ಮೆತ್ತಗಾದವು. ಕೂಸಿಗೆ ಅದರಲ್ಲಿ ಒಂದು ಕೌದಿ ಹೊಲಿದುಕೊಡು. ಅದಕ್ಕಿಂತ ಒಳ್ಳೆಯ ಉಡುಗೊರೆ ಈ ಬೆಂಗಳೂರಿನ ಯಾವ ಅಂಗಡಿಯಲ್ಲೂ ಇಲ್ಲ.

ಮಾದಲಿ ಮಾತ್ರ ಎಲ್ಲ ತಿಂದುಬಿಟ್ಟೆ. ಅದು ವಾಪಸ್ ಬರುವುದಿಲ್ಲ.

ಅತ್ತೆ, ಬಸು ಇಬ್ಬರೂ ನಿನ್ನನ್ನು ಕೇಳಿದ್ದಾರೆ. ಬೈದಿದ್ದಕ್ಕೆ ಕ್ಷಮೆ ಕೇಳುವುದಿಲ್ಲ. ನಿನ್ನ ಕಾಲಿಗೆ ಬಿದ್ದು ನಮಸ್ಕಾರ ಮಾತ್ರ ಮಾಡುತ್ತೇನೆ, ಅದು ಬೇರೆ.

ನಿನ್ನ ಹಿರಿಯ ಮಗಳು,
ಪ್ರಿಯದರ್ಶಿನಿ

ತಾ.ಕ.: ಪತ್ರ ಅಂಟಿಸುವ ಮೊದಲು ಅತ್ತೆ ಬಂದು, "ಇಷ್ಟೆಲ್ಲಾ ಕಾಗದದಾಗ ಬರದ್ರ ಬೀಗ್ತಿ ಎದಿ ಒಡೀತದ, ನೀನೇ ಹೋಗಿ ಎದುರಿಗಿ ಹೇಳು" ಎಂದರು. ಕಾಗದವೂ ಬರುತ್ತದೆ, ನಾನೂ ಬರುತ್ತೇನೆ. ಹೇಗೂ ಮುಂದಿನ ವಾರ ಆಷಾಢ, ಹೊಸ ಸೊಸೆ ತವರಿಗೆ ಬಂದರೆ ಓಣಿಯವರೂ ಏನೂ ಕೇಳುವುದಿಲ್ಲ. ಡಾಕ್ಟರಮ್ಮ ಪ್ರಯಾಣ ಮಾಡಬಹುದು ಎಂದಿದ್ದಾರೆ, ಬಸು ಕೆಳಗಿನ ಬರ್ತ್ ಮಾಡಿಸಿದ್ದಾನೆ. ಕಂಟೋನ್ಮೆಂಟಿನಲ್ಲಿ ಗುರುವಾರ ಸಂಜೆ ಹತ್ತುತ್ತೇನೆ. ಅಡುಗೆ ಏನೂ ಮಾಡಬೇಡ, ಮನೆಗೆ ಹೋಗುವ ಮೊದಲು ಹೆಡ್ ಸಿಸ್ಟರನ್ನು ನೋಡಬೇಕು. ಯಮುನಾಳನ್ನು ಆ ದಿನ ಮಿಲ್ಲಿಗೆ ಕಳಿಸಬೇಡ, ಯೂನಿಫಾರ್ಮ್ ಹಾಕಿ ಎರಡು ಜಡೆ ಹೆಣೆದು ಸ್ಟೇಷನ್ನಿಗೆ ಕರೆದುಕೊಂಡು ಬಾ. ಶುಕ್ರವಾರ ಬೆಳಿಗ್ಗೆ, ಉದ್ಯಾನ್ ಎಕ್ಸ್‌ಪ್ರೆಸ್.