ಪ್ರಬಂಧ ಮನೆಗೆ ಬೇಡ

ತತ್ತ್ವಶಾಸ್ತ್ರದ ಮೇಷ್ಟ್ರಿಗೆ ನಮಸ್ಕಾರ.

‘ರೋಗಿಗೆ ಸತ್ಯ ಹೇಳಬೇಕೇ?’ ಎಂಬ ಪ್ರಬಂಧ ಇದರೊಂದಿಗಿದೆ. ಹೇಳಲೇಬೇಕು ಎಂದು ವಾದಿಸಿದ್ದೇನೆ. ಎಂದಿನಂತೆ ಅಮ್ಮ ತಿದ್ದಿದರು. ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವರು, ಈಗ ಕಾಯಿಲೆಯಾಗಿ ಮನೆಯಲ್ಲಿದ್ದಾರೆ.

ಕೊನೆಯ ಪುಟ ಮುಗಿಸಿ ಕನ್ನಡಕ ತೆಗೆದರು.

“ಇದನ್ನೆಲ್ಲ ನೀನು ನಂಬ್ತೀಯೇನೋ?”

“ಹೂಂ ಅಮ್ಮ.”

“ಹಾಗಾದ್ರೆ ಡಾಕ್ಟರು ನಿನ್ನ ಪಕ್ಕಕ್ಕೆ ಕರೆದು ಏನಂದ್ರು, ಹೇಳು.”

ಹೇಳಿದೆ. ಗುಣವಾಗುವುದಿಲ್ಲ ಎಂಬುದನ್ನೂ ಹೇಳಿದೆ. ಅಮ್ಮ ಒಂದು ಕಾಗುಣಿತ ತಿದ್ದಿ ಹಾಳೆಗಳನ್ನು ಜೋಡಿಸಿದರು.

“ಅಪ್ಪನಿಗೆ ಮಾತ್ರ ಹೇಳಬೇಡ ಕಣೋ.”

ವಾದವನ್ನು ಬದಲಿಸಿಲ್ಲ. ಅಂಕ ಎಷ್ಟು ಕೊಟ್ಟರೂ ಸರಿ. ಪ್ರಬಂಧವನ್ನು ಮಾತ್ರ ಅಂಚೆಯಲ್ಲಿ ಮನೆಗೆ ಕಳಿಸಬೇಡಿ, ನಾನೇ ಬಂದು ಒಯ್ಯುತ್ತೇನೆ. ನನ್ನ ಲಕೋಟೆಗಳನ್ನು ಅಪ್ಪನೇ ಒಡೆಯುತ್ತಾರೆ. ಆಮೇಲೆ ಅಮ್ಮನ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದುತ್ತಾರೆ.

ಇಂತಿ,
ನಿಮ್ಮ ಅಂಚೆ ತರಗತಿಯ ವಿದ್ಯಾರ್ಥಿ