ಹೆಡ್‌ಲೈಟಿನ ಕುಂಕುಮ

ರೀ,

ಅನ್ನ, ಹುಳಿ ಒಲೆ ಪಕ್ಕ ಇದೆ, ನೀವೇ ಬಡಿಸಿಕೊಳ್ಳಿ. ಇನ್ನೊಂದು ಡಬ್ಬಿ ತಗೊಂಡು ನಾನು ಆಸ್ಪತ್ರೆಗೆ ಹೋಗ್ತಾ ಇದೀನಿ, ಹಾಲಿನ ಮುನಿವೆಂಕಟಪ್ಪನ್ನ ನೋಡೋಕೆ. ನಿನ್ನೆ ಸಂಜೆ ನಿಮ್ಮ ಸ್ಕೂಟರಿಗೆ ಸಿಕ್ಕಿ ಆತನ ಕಾಲು ಮುರಿದಿದೆ. ನೀವಂತೂ ಆ ಕಡೆ ತಲೆ ಹಾಕಲಿಲ್ಲ.

ಸ್ಕೂಟರಿಗೆ ಹೊಸ ನಿಂಬೆಹಣ್ಣು ಕಟ್ಟೋ ಮೊದಲು ಹೆಡ್‌ಲೈಟ್ ಒರೆಸಿ. ಆಯುಧಪೂಜೆ ದಿನ ಬಳಿದ ಗಂಧ, ಕುಂಕುಮ ಇನ್ನೂ ಗಾಜಿನ ತುಂಬ ಇದೆ. ನಾನು ಒರೆಸೋಕೆ ಹೋದಾಗ ಅಪಶಕುನ ಅಂತ ಕೈ ತಡೆದಿರಿ.

ಆತನ ಸೈಕಲ್ಲಿನ ದೀಪಾನೇ ಉರೀತಿರಲಿಲ್ಲ ಅಂತ ಅತ್ತಿಗುಪ್ಪೆಗೆಲ್ಲ ಹೇಳಿಕೊಂಡು ಬಂದಿರಲ್ಲ. ಸೈಕಲ್ ನಮ್ಮ ಕಾಂಪೌಂಡಿನಲ್ಲೇ ಇದೆ. ಬೆಳಿಗ್ಗೆ ಹಿಂದಿನ ಚಕ್ರ ಎತ್ತಿ ಪೆಡಲ್ ತಿರುಗಿಸಿದೆ. ಡೈನಮೋ ದೀಪ ಚೆನ್ನಾಗೇ ಉರಿಯಿತು.

ಎದುರುಮನೆಯವರೂ ನೋಡಿದರು.

ಅಂಬುಜಾ