ನಿಮ್ಮ ತಪಾಸಣೆಯಲ್ಲಿ ಪಾಸಾದ ನಮ್ಮ ಮನೆ

ಗೃಹವಿಮಾ ತಪಾಸಣಾ ವಿಭಾಗದ ಮುಖ್ಯಸ್ಥರೇ,

ನಿಮ್ಮ ತಪಾಸಕರು ನಮ್ಮ ಮನೆಯ ಹೊರಗೆ ಒಂಬತ್ತು ನಿಮಿಷ ನಿಂತು ಬರೆದ ಒಂದೇ ಸಾಲಿನಿಂದಾಗಿ ನನ್ನ ಹೆಂಡತಿ ನಲವತ್ತೆರಡು ದಿನಗಳಿಂದ ಹೊಸ್ತಿಲು ದಾಟಿಲ್ಲ. ದೂರು ಇಷ್ಟೇ. ಇಷ್ಟನ್ನು ಹೇಳಲು ಈಚೆಗೆ ನಿಮ್ಮ ಕಚೇರಿಗೆ ಏಳು ಸಲ ಫೋನು ಮಾಡಿದ್ದೇನೆ. ನನ್ನ ಕರೆ ಅಮೂಲ್ಯವೆಂದು ಏಳು ಸಲವೂ ಒಂದು ಯಂತ್ರ ನನ್ನನ್ನು ಸಮಾಧಾನಪಡಿಸಿತು. ಹಾಗಾಗಿ ಈಗ ಈ ಬಹಿರಂಗ ಪತ್ರದಲ್ಲಿ ನಾಲ್ಕು ಜನರೆದುರು ಹೇಳುತ್ತಿದ್ದೇನೆ.

ನಾನು ಬೀಗ ರಿಪೇರಿಯವನು. ಹೆಂಡತಿ ಎರಡು ಬೀದಿ ಆಚೆಯ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ಮರುಜೀವ ಕೊಡುವವಳು. ಮೂರು ವರ್ಷಗಳ ಹಿಂದೆ ಬೆನ್ನುಹುರಿಯ ಕಾಯಿಲೆ ಅವಳ ಕಾಲುಗಳನ್ನು ಕಸಿದುಕೊಂಡಿತು. ಆಗ ಬಡಗಿ ಕೆಲಸ ಮಾಡುವ ಅವಳ ತಮ್ಮ ನಾಲ್ಕು ಭಾನುವಾರ ಬೆವರು ಸುರಿಸಿ, ಮುಂಬಾಗಿಲಿನ ಮೆಟ್ಟಿಲ ಪಕ್ಕದಲ್ಲಿ ಗಾಲಿಕುರ್ಚಿಗೆ ಮರದ ಇಳಿಜಾರು ಕಟ್ಟಿಕೊಟ್ಟ. ಎರಡೂ ಕಡೆ ಕೈಹಿಡಿ, ಹಲಗೆಯ ಮೇಲೆ ಒರಟು ರಬ್ಬರು. ಅಂದಿನಿಂದ ಅವಳು ಯಾರ ಹಂಗೂ ಇಲ್ಲದೆ ಕೆಲಸಕ್ಕೆ ಹೋಗಿ ಬರುತ್ತಿದ್ದಳು. ಮೂರು ವರ್ಷದಲ್ಲಿ ಆ ಹಲಗೆಯ ಮೇಲೆ ಒಂದು ಬೆಕ್ಕೂ ಜಾರಿ ಬಿದ್ದಿರಲಿಲ್ಲ.

ನಿಮ್ಮವರು ಬಂದಾಗ ನಾನು ಅಂಗಡಿಯಲ್ಲಿದ್ದೆ. ಮುಂಚಿತವಾಗಿ ತಿಳಿಸುವ ಪದ್ಧತಿ ನಿಮ್ಮಲ್ಲಿ ಇದೆಯಂತೆ, ಕೇಳಿದವರಿಗೆ ಮಾತ್ರ. ಅಂದು ರಜೆಯಲ್ಲಿದ್ದ ಹೆಂಡತಿ ಕಿಟಕಿಯಿಂದ ಅವರನ್ನು ನೋಡಿ ಒಳಗೆ ಕರೆದಳಂತೆ. ಹೊರಗಿನದಷ್ಟೇ ಸಾಕು ಎಂದು ಅವರು ಫೋಟೋ ಹೊಡೆದುಕೊಂಡು ಹೊರಟರು. ಬಾಗಿಲಿನ ಫೋಟೋ ಚೆನ್ನಾಗಿ ಬಂದಿದೆ, ಸ್ವಾಮಿ. ಏಕೆಂದರೆ ಅವರು ಅದನ್ನು ಆ ಇಳಿಜಾರಿನ ಮೇಲೆಯೇ ನಿಂತು ತೆಗೆದಿದ್ದಾರೆ.

ವಾರದ ನಂತರ ಆ ಫೋಟೋಗಳ ಜೊತೆ ಪತ್ರ ಬಂತು. 'ಪ್ರವೇಶದ್ವಾರದಲ್ಲಿ ಅನುಮೋದನೆಯಿಲ್ಲದ ಮರದ ರಚನೆ. ಜಾರಿ ಬೀಳುವ ಸಂಭವ. ಮೂವತ್ತು ದಿನಗಳಲ್ಲಿ ತೆರವುಗೊಳಿಸದಿದ್ದರೆ ವಿಮೆ ರದ್ದು.' ವಿಮೆ ಇಲ್ಲದ ಮನೆಯನ್ನು ಸಾಲ ಕೊಟ್ಟ ಬ್ಯಾಂಕು ಒಪ್ಪುವುದಿಲ್ಲ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆಗ ಒಮ್ಮೆ ಫೋನಿನಲ್ಲಿ ನಿಮ್ಮ ಕಚೇರಿಯ ಮನುಷ್ಯರ ಧ್ವನಿಯೊಂದು ಸಿಕ್ಕಾಗ ನಾನು ಎಲ್ಲವನ್ನೂ ವಿವರಿಸಿದೆ.

"ಫೋಟೋದಲ್ಲಿ ಗಾಲಿಕುರ್ಚಿ ಕಾಣಿಸ್ತಿಲ್ವಲ್ಲ ಸರ್," ಎಂದಳು ಆ ಹುಡುಗಿ. ಒರಟಾಗಿ ಹೇಳಲಿಲ್ಲ, ಪಾಪ. ಅವಳ ಮುಂದಿನ ಪರದೆಯಲ್ಲಿ ಕಾಣದ್ದು ಅವಳಿಗೆ ಹೇಗೆ ಕಾಣಬೇಕು? ಮರುತಪಾಸಣೆ ಕೇಳಲು ಹತ್ತು ದಿನಗಳ ಗಡುವಿತ್ತು, ಪತ್ರದ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿದೆ ಎಂದು ಅವಳೇ ತಿಳಿಸಿದಳು. ಅಂದು ಹದಿನಾಲ್ಕನೆಯ ದಿನ. ಸಿಮೆಂಟಿನ ಇಳಿಜಾರಿಗೆ ಅನುಮತಿ ಸಿಗಲು ಎಷ್ಟು ಕಾಲ ಬೇಕೆಂದು ಕೇಳಿದೆ. ಐದಾರು ತಿಂಗಳು ಆಗಬಹುದಂತೆ.

ಇದನ್ನು ಓದುತ್ತಿರುವ, ಮನೆಗೆ ವಿಮೆ ಮಾಡಿಸಿದವರೇ, ನಾನು ತಡವಾಗಿ ಕಲಿತದ್ದನ್ನು ನೀವು ಬೇಗ ಕಲಿಯಿರಿ. ತಪಾಸಣೆಯ ದಿನ ಯಾವುದೆಂದು ಬರೆದು ಕೇಳಿ, ಆ ದಿನ ಮನೆಯಲ್ಲಿರಿ. ಏನಾದರೂ ಕಟ್ಟಿಸಿದ್ದರೆ ಯಾಕೆಂದು ತೋರಿಸಿ. ಅವರದಲ್ಲದೆ ನಿಮ್ಮ ಫೋಟೋಗಳೂ ಇರಲಿ. ಪತ್ರ ಬಂದರೆ ಮೊದಲು ಹಿಂಬದಿ ಓದಿ.

ಇಪ್ಪತ್ತೊಂಬತ್ತನೆಯ ದಿನ ಭಾವಮೈದುನ ಬಂದು ತಾನು ಕಟ್ಟಿದ್ದನ್ನು ತಾನೇ ಬಿಚ್ಚಿದ. ಬೇರೆಯವರ ಕೈಗೆ ಕೊಡಲು ಅವನಿಗೆ ಮನಸ್ಸಾಗಲಿಲ್ಲ. ಒಂದೊಂದು ಹಲಗೆಯ ಹಿಂದೆಯೂ ಸೀಸದಕಡ್ಡಿಯಿಂದ ಅಂಕಿ ಬರೆದು ಗೋಡೆಗೆ ಒರಗಿಸಿದ. ಕಿಟಕಿಯಿಂದ ನೋಡುತ್ತಿದ್ದ ಹೆಂಡತಿ ಪರದೆ ಎಳೆದುಕೊಂಡಳು. ಮಾರನೆಯ ದಿನ ಅವಳನ್ನು ಎತ್ತಿ ಇಳಿಸಲು ನೋಡಿದೆ. ಹರ್ನಿಯಾ ಆಪರೇಷನ್ ಆದ ದೇಹ ನನ್ನದು. ಎರಡನೆಯ ಮೆಟ್ಟಿಲಲ್ಲಿ ಇಬ್ಬರೂ ಕುಸಿದು ಕೂತೆವು. ಹಿತ್ತಿಲ ಬಾಗಿಲಿಗೂ ಮೆಟ್ಟಿಲೇ. ಅಕ್ಕಪಕ್ಕದವರು ಒಂದೆರಡು ಸಲ ಹೊತ್ತು ಇಳಿಸಲು ಬಂದರು, ಇವಳು ಒಪ್ಪಲಿಲ್ಲ.

"ದಿನಾ ಮೂಟೆ ಥರ ಹೊರಿಸ್ಕೊಂಡು ಹೋಗೋಕೆ ನನ್ನ ಕೈಲಾಗಲ್ಲ. ಬಿಟ್ಬಿಡಿ," ಎಂದಳು. ಆಮೇಲೆ ಆ ಮಾತೇ ಎತ್ತಿಲ್ಲ. ಗ್ರಂಥಾಲಯದವರು ಈ ತಿಂಗಳ ಕೊನೆಯವರೆಗೆ ಕಾಯುತ್ತಾರಂತೆ. ಲೋಕದ ಬೀಗವನ್ನೆಲ್ಲ ತೆಗೆಯುವ ನನಗೆ ನನ್ನ ಮನೆಯ ತೆರೆದ ಬಾಗಿಲಿನಿಂದ ಅವಳನ್ನು ಹೊರಗೆ ಕರೆದೊಯ್ಯಲಾಗುತ್ತಿಲ್ಲ.

ನಿಮ್ಮಿಂದ ಅಭಿನಂದನಾ ಪತ್ರವೂ ಬಂದಿದೆ: ನಮ್ಮ ಮನೆ ಈಗ ಸುರಕ್ಷಿತ. ಬೆಂಕಿ ಅವಘಡಕ್ಕೂ ಪೂರ್ಣ ರಕ್ಷಣೆಯಂತೆ. ನಿಮ್ಮ ನಿಯಮವನ್ನು ಬದಲಿಸಿ ಎಂದು ಕೇಳುವಷ್ಟು ದೊಡ್ಡವನಲ್ಲ ನಾನು. ನನ್ನ ಬೇಡಿಕೆ ಒಂದೇ, ಉತ್ತರ ಲಿಖಿತವಾಗಿರಲಿ: ನಾನು ಅಂಗಡಿಯಲ್ಲಿದ್ದಾಗ ಮನೆಗೆ ಬೆಂಕಿ ಬಿದ್ದರೆ, ನನ್ನ ಹೆಂಡತಿ ಯಾವ ಕಡೆಯಿಂದ ಹೊರಗೆ ಬರಬೇಕು?

ಇಂತಿ,
ಹಿಂಬದಿ ಓದದೆ ಕೆಟ್ಟ ನಿಮ್ಮ ಪಾಲಿಸಿದಾರ